ಪರಿಚಾರಕಿಯ ಕೈಗೆ ಬಂದ ಗಣಕಯಂತ್ರ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿದೆಯೆಂದು ಚರಕ ಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ, ಅಂದರೆ ಇಂದಿನ ನರ್ಸ್‌ಗೆ, ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ ಹಾಗೂ ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ಈ ಮಾತಿನ ಅರ್ಥ ನನಗೆ ನಿಜವಾಗಿ ತಿಳಿದದ್ದು ಕೆಲವು ವರ್ಷಗಳ ಹಿಂದೆ, ಅದೂ ನನ್ನದೇ ಒಂದು ತಪ್ಪಿನಿಂದ.

ನನ್ನ ಚಿಕಿತ್ಸಾಲಯಕ್ಕೆ ಬಹುಕಾಲದಿಂದ ಬರುತ್ತಿದ್ದ, ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಒಣಕೆಮ್ಮು ಬಾಧಿಸುತ್ತಿತ್ತು. ಜ್ಯೇಷ್ಠಮಧುವಿನ ಚೂರ್ಣವನ್ನು ಜೇನುತುಪ್ಪದಲ್ಲಿ ಹದಿನೈದು ದಿನ ಸೇವಿಸಲು ಹೇಳಿದೆ. ಕೆಮ್ಮು ಕಡಿಮೆಯಾಯಿತು. ಆದರೆ ಅವರು ಅದನ್ನು ಗ್ರಂಥಿಗೆ ಅಂಗಡಿಯಿಂದ ತಾವೇ ತರಿಸಿ ತಿಂಗಳುಗಟ್ಟಲೆ ಮುಂದುವರಿಸಿದರು. ರಕ್ತದೊತ್ತಡಕ್ಕಾಗಿ ಬೇರೆ ವೈದ್ಯರು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗುತ್ತಿದ್ದರು. ಅದನ್ನು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಚೂರ್ಣದ ಹೆಸರನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟಿರಲೂ ಇಲ್ಲ. ಒಂದು ಬೆಳಿಗ್ಗೆ ಕಾಲುಗಳಲ್ಲಿ ತ್ರಾಣವಿಲ್ಲದೆ, ಮಂಚದಿಂದ ಏಳಲಾರದೆ ಆಸ್ಪತ್ರೆ ಸೇರಿದರು. ರಕ್ತದಲ್ಲಿ ಪೊಟ್ಯಾಸಿಯಂ ಅಂಶ ಅಪಾಯದ ಮಟ್ಟಕ್ಕೆ ಕುಸಿದಿತ್ತು.

ಕಾರಣ ಹೊರಬಂದದ್ದು ಅವರನ್ನು ದಾಖಲು ಮಾಡಿಕೊಂಡ ನರ್ಸ್ ಅವರಿಂದ. ಗಣಕಯಂತ್ರದ ನಮೂನೆಯಲ್ಲಿ ಮನೆಮದ್ದು ಮತ್ತು ಇತರ ಪದ್ಧತಿಯ ಔಷಧಗಳಿಗೆ ಒಂದು ಅಂಕಣವಿತ್ತು. 'ಇಲ್ಲ' ಎಂದು ಒತ್ತಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಿತ್ತು. ಆಕೆ ಹಾಗೆ ಮಾಡದೆ ಹಾಸಿಗೆಯ ಬಳಿಗೆ ಬಂದು, "ಅಮ್ಮಾ, ಕೆಮ್ಮಿಗೋ ಮಂಡಿನೋವಿಗೋ ಅಂತ ಮನೇಲಿ ಪುಡಿ, ಕಷಾಯ ಏನಾದ್ರೂ ತಗೋತೀರಾ?" ಎಂದು ಕೇಳಿದರು. ಆಗ ಚೂರ್ಣದ ಸಂಗತಿ ಬಯಲಾಯಿತು. ಜ್ಯೇಷ್ಠಮಧು ಉತ್ತಮ ಔಷಧವೇ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ, ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ದೇಹ ಸೇರಿದರೆ, ಉಪ್ಪು ಮತ್ತು ನೀರನ್ನು ದೇಹದಲ್ಲಿ ಉಳಿಸಿ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ, ರಕ್ತದೊತ್ತಡವನ್ನೂ ಏರಿಸುತ್ತದೆ. ಮೂತ್ರ ಹೆಚ್ಚಿಸುವ ಹಲವು ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ಕಳೆಯುತ್ತವೆ. ಎರಡೂ ಕೂಡಿದಾಗ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು. ಆ ತಾಯಿ ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಆ ಪ್ರಶ್ನೆಯನ್ನು ಯಾರೂ ಕೇಳದೇ ಹೋಗಿದ್ದರೆ ಅವರು ಮನೆಗೆ ಮರಳಿ ಮತ್ತೆ ಅದೇ ಚೂರ್ಣದ ಡಬ್ಬಿಯನ್ನು ತೆರೆಯುತ್ತಿದ್ದರು.

ವಂದನೆ ಹೇಳಲು ಹೋದಾಗ ಆ ನರ್ಸ್ ತಮ್ಮ ಅನುಭವವನ್ನು ತೆರೆದಿಟ್ಟರು. ಇಪ್ಪತ್ತು ವರ್ಷಗಳ ಸೇವೆಯ ನಂತರ ಅವರ ವಾರ್ಡಿಗೆ ಗಣಕಯಂತ್ರ ಬಂದಿತ್ತು. "ಇಂಜೆಕ್ಷನ್ ಕೊಡುವಾಗ ಎಂದೂ ನಡುಗದ ಕೈ ಮೌಸ್ ಹಿಡಿದಾಗ ನಡುಗಿತು ಡಾಕ್ಟ್ರೇ" ಎಂದು ನಕ್ಕರು. ತಮಗಿಂತ ಕಿರಿಯರ ಬಳಿ ಕುಳಿತು, ಕೆಲಸದ ಸರದಿ ಮುಗಿದ ಮೇಲೆ ದಿನವೂ ಅರ್ಧ ಗಂಟೆ ಅಭ್ಯಾಸ ಮಾಡಿ ಕಲಿತರಂತೆ.

ಅವರು ಕಲಿತದ್ದು ಬರಿಯ ಬೆರಳಚ್ಚನ್ನಲ್ಲ. ರೋಗಿಯ ಮಾಹಿತಿಯನ್ನು ಸಂಗ್ರಹಿಸಿ, ಜೋಡಿಸಿ, ಅದರಿಂದ ಆರೈಕೆಯ ನಿರ್ಧಾರಕ್ಕೆ ಬರುವ ಈ ವಿದ್ಯೆಗೆ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯು 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪದ್ಧತಿಯೊಂದಿದೆ. ಉಸಿರಾಟ, ರಕ್ತದ ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ, ಉಷ್ಣಾಂಶ, ಈ ಆರರಲ್ಲಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ರೋಗಿಗೆ ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ 2 ಅಂಕ ಸೇರುತ್ತದೆ.

ಒಬ್ಬ ರೋಗಿಯ ಉಸಿರಾಟ ನಿಮಿಷಕ್ಕೆ 22, ಆಮ್ಲಜನಕ ಶೇ. 95, ಮೇಲಿನ ರಕ್ತದೊತ್ತಡ 105, ನಾಡಿ 112, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಇದೆಯೆಂದುಕೊಳ್ಳಿ. ಒಂದೊಂದನ್ನೇ ನೋಡಿದರೆ ಗಾಬರಿಯಾಗುವಂಥದ್ದೇನೂ ಇಲ್ಲ. ರೋಗಿ ಎಚ್ಚರವಾಗಿದ್ದಾನೆ, ಮಾತನಾಡುತ್ತಿದ್ದಾನೆ. ಆದರೆ ಅಂಕಗಳು ಕ್ರಮವಾಗಿ 2, 1, 1, 2, 1, ಒಟ್ಟು 7. ಈ ಪದ್ಧತಿಯಲ್ಲಿ 7 ಎಂದರೆ ತುರ್ತು ಪರಿಸ್ಥಿತಿ. ಗಣಕಯಂತ್ರವು ಈ ಅಂಕಗಳನ್ನು ಕೂಡಿಸಿ ತಕ್ಷಣ ಎಚ್ಚರಿಸುತ್ತದೆ. ಆದರೆ ಉಸಿರಾಟವನ್ನು ಅಂದಾಜಿನಲ್ಲಿ ಬರೆಯದೆ, ಪೂರ್ಣ ಒಂದು ನಿಮಿಷ ನಿಂತು ಎಣಿಸುವವಳು ನರ್ಸ್. ಆ ಎಣಿಕೆ ಸುಳ್ಳಾದರೆ ಯಂತ್ರದ ಲೆಕ್ಕವೂ ಸುಳ್ಳೇ.

ಅಂಕಿ-ಅಂಶಗಳಿಗೂ ಶುಶ್ರೂಷೆಗೂ ಇರುವ ನಂಟು ಹೊಸದಲ್ಲ. ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು 1854ರಲ್ಲಿ ತೆರಳಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ದೀಪಧಾರಿಣಿಯೆಂದು ಲೋಕ ಬಲ್ಲದು. ಯುದ್ಧದ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಅವರು 1858ರಲ್ಲಿ ವರ್ಣಚಿತ್ರದ ರೂಪದ ಲೆಕ್ಕಪಟಗಳಿಂದ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯಾಗಿ ಆರಿಸಿತು. ಅವರ ಒಂದು ಕೈಯಲ್ಲಿ ದೀಪವಿದ್ದರೆ ಇನ್ನೊಂದು ಕೈಯಲ್ಲಿ ದಾಖಲೆಯ ಪುಸ್ತಕವಿತ್ತು.

ಯಂತ್ರದಿಂದ ಹೊಸ ಬಗೆಯ ತಪ್ಪುಗಳೂ ಬರುತ್ತವೆಂಬುದನ್ನು ಮರೆಯಬಾರದು. ನಿನ್ನೆಯ ರಕ್ತದೊತ್ತಡವನ್ನೇ ಇಂದಿನ ಅಂಕಣಕ್ಕೆ ನಕಲು ಮಾಡುವುದು, ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರ ವಿವರವನ್ನು ಇನ್ನೊಬ್ಬರ ಪುಟದಲ್ಲಿ ತುಂಬುವುದು, ಗುಪ್ತಪದವನ್ನು ಇತರರಿಗೆ ಕೊಡುವುದು ಇವೆಲ್ಲ ಅಪಾಯಕರ. ಆದುದರಿಂದಲೇ ಔಷಧ ಕೊಡುವ ಮುನ್ನ ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಅನ್ನೂ ಔಷಧದ ಬಾರ್‌ಕೋಡ್ ಅನ್ನೂ ಯಂತ್ರದಿಂದ ತಾಳೆ ನೋಡುವ ಕ್ರಮ ಅನೇಕ ಆಸ್ಪತ್ರೆಗಳಲ್ಲಿದೆ. ನಾನು ಕಂಡ ಆ ನರ್ಸ್ ಬಾರ್‌ಕೋಡ್ ತಾಳೆಯಾದ ಮೇಲೂ ರೋಗಿಯ ಹೆಸರನ್ನು ಅವರ ಬಾಯಿಂದಲೇ ಕೇಳಿ ತಿಳಿಯುತ್ತಿದ್ದರು.

ನಮ್ಮ ದೇಶದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರಾಷ್ಟ್ರವ್ಯಾಪಿಯಾಗಿ ಆರಂಭವಾಯಿತು. ಇದರಡಿ ದೊರೆಯುವ 14 ಅಂಕಿಗಳ 'ಆಭಾ' ಸಂಖ್ಯೆಯಿಂದ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಬಹುದು. ರೋಗಿಯ ಒಪ್ಪಿಗೆಯಿದ್ದರೆ ಮಾತ್ರ ಅವನ್ನು ಹಂಚಿಕೊಳ್ಳಬೇಕೆಂಬುದು ನಿಯಮ. ಆಯುರ್ವೇದದ ವ್ಯಾಧಿಗಳಿಗೂ ಆಯುಷ್ ಸಚಿವಾಲಯದ 'ನಮಸ್ತೆ' ಜಾಲತಾಣದಲ್ಲಿ ಸಂಕೇತಗಳಿವೆ. ಮುಂದೊಂದು ದಿನ ನಾನು ಕೊಟ್ಟ ಚೂರ್ಣವೂ ಬೇರೆ ವೈದ್ಯರ ಮಾತ್ರೆಯೂ ಒಂದೇ ಪುಟದಲ್ಲಿ ಕಾಣಿಸಲಿ ಎಂಬುದು ನನ್ನ ಹಂಬಲ.

ಅಲ್ಲಿಯವರೆಗೆ ಭಕ್ತಬಂಧುಗಳಲ್ಲಿ ಕೆಲವು ವಿನಂತಿಗಳು:

• ಸೇವಿಸುವ ಎಲ್ಲ ಮಾತ್ರೆ, ಚೂರ್ಣ, ಕಷಾಯ, ಲೇಹ್ಯಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಯಾವಾಗಿನಿಂದ, ಎಷ್ಟು ಪ್ರಮಾಣದಲ್ಲಿ ಎಂಬುದೂ ಅದರಲ್ಲಿರಲಿ.

• ಯಾವುದಾದರೂ ಔಷಧ ಒಗ್ಗದಿದ್ದರೆ ಅದನ್ನು ಪಟ್ಟಿಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.

• ಹಳೆಯ ಚೀಟಿ ಹಾಗೂ ಪರೀಕ್ಷಾ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಡಿ.

• ಮೊಬೈಲ್‌ಗೆ ಬರುವ ಒಟಿಪಿಯನ್ನು ದೂರವಾಣಿಯಲ್ಲಿ ಕೇಳಿದ ಅಪರಿಚಿತರಿಗೆ ಹೇಳಬೇಡಿ.

ನಾನು ಈಗ ಪ್ರತಿಯೊಂದು ಔಷಧದ ಹೆಸರು, ಪ್ರಮಾಣ, ನಿಲ್ಲಿಸಬೇಕಾದ ದಿನಾಂಕವನ್ನು ಚೀಟಿಯಲ್ಲಿ ಬರೆದೇ ಕೊಡುತ್ತೇನೆ. ಚರಕರು ಹೇಳಿದ ದಕ್ಷತೆಗೆ ಕಾಲಕಾಲಕ್ಕೆ ಹೊಸ ಉಪಕರಣಗಳು ಸೇರುತ್ತವೆ. ಅನುರಾಗವಿಲ್ಲದೆ ಅವು ಫಲಿಸುವುದಿಲ್ಲ. ಇನ್ನೊಮ್ಮೆ ನೀವು ಆಸ್ಪತ್ರೆಗೆ ಹೋದಾಗ, ಬೇರೆ ಏನಾದರೂ ಔಷಧ ಸೇವಿಸುತ್ತೀರಾ ಎಂದು ನರ್ಸ್ ಕೇಳಿದರೆ ಅವಸರದಲ್ಲಿ 'ಇಲ್ಲ' ಎನ್ನದಿರಿ. ವೈದ್ಯರಿಗೆ ಬೇಸರವಾದೀತೆಂದು ನನ್ನಂಥವರ ಚೂರ್ಣವನ್ನು ಮುಚ್ಚಿಡಲೂ ಬೇಡಿ. ಮೊದಲು ಅದರ ಹೆಸರನ್ನೇ ಹೇಳಿ.