ಎಲ್ಲರ ಕಡಲು, ಯಾರ ಮೀನು?

ಊರ ಗೋಮಾಳದಲ್ಲಿ ಹತ್ತು ದನ ಮೇಯುತ್ತಿವೆ ಎನ್ನೋಣ. ಹನ್ನೊಂದನೆಯದನ್ನು ಹೊಡೆದು ತಂದವನಿಗೆ ಅದರ ಹಾಲೆಲ್ಲ ತನ್ನದೇ. ಹುಲ್ಲು ಕಡಿಮೆಯಾದ ನಷ್ಟ ಮಾತ್ರ ಇಡೀ ಊರಿಗೆ ಹಂಚಿಹೋಗುತ್ತದೆ. ಆಳ ಸಮುದ್ರದ ಮೀನುಗಾರಿಕೆಯ ಅರ್ಥಶಾಸ್ತ್ರವೂ ಹೆಚ್ಚುಕಡಿಮೆ ಇಷ್ಟೇ. ಕೆನಡಾದ ಅರ್ಥಶಾಸ್ತ್ರಜ್ಞ ಎಚ್. ಸ್ಕಾಟ್ ಗಾರ್ಡನ್ ಇದನ್ನು 1954ರಲ್ಲಿಯೇ ವಿವರಿಸಿದ್ದರು. ಒಡೆಯನಿಲ್ಲದ ಕಡಲಿನಲ್ಲಿ ಲಾಭ ಕಾಣುವವರೆಗೂ ಹೊಸ ದೋಣಿಗಳು ಬರುತ್ತಲೇ ಇರುತ್ತವೆ. ಮೀನಿನಿಂದ ಬರುವ ಹಣ ಖರ್ಚಿಗೆ ಸರಿಸಮನಾದಾಗಲೇ ಅವು ನಿಲ್ಲುವುದು. ಅಷ್ಟರಲ್ಲಿ ಲಾಭ ಕರಗಿರುತ್ತದೆ, ಮೀನೂ ವಿರಳವಾಗಿರುತ್ತದೆ.

ವಿಪರ್ಯಾಸವೆಂದರೆ, ಈ ಲೆಕ್ಕ ಅತ್ಯಂತ ಕಟುವಾಗಿ ನಿಜವಾದದ್ದು ಅವರ ದೇಶದ ತೀರದಲ್ಲೇ. ನ್ಯೂಫೌಂಡ್‌ಲ್ಯಾಂಡ್ ಬಳಿಯ ಕಾಡ್ ಮೀನನ್ನು ಐರೋಪ್ಯರು ಶತಮಾನಗಳಿಂದ ಹಿಡಿಯುತ್ತಿದ್ದರು. 1950ರ ದಶಕದಲ್ಲಿ ಬಂದ ಹಡಗುಗಳ ರೀತಿಯೇ ಬೇರೆ. ಬಲೆ ಎಳೆದು, ಮೀನು ಕೊಯ್ದು, ಅಲ್ಲೇ ಹೆಪ್ಪುಗಟ್ಟಿಸುವ ತೇಲುವ ಕಾರ್ಖಾನೆಗಳವು. 1968ರಲ್ಲಿ ಹಿಡಿದ ಉತ್ತರದ ಕಾಡ್ ಸುಮಾರು 8 ಲಕ್ಷ ಟನ್. ಹತ್ತು ವರ್ಷದೊಳಗೆ ಅದು ಕಾಲುಭಾಗಕ್ಕಿಂತ ಕೆಳಗಿಳಿಯಿತು.

1977ರಲ್ಲಿ ಕೆನಡಾ ತೀರದಿಂದ 200 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಕಡಲಿಗೆ ಒಡೆಯ ಸಿಕ್ಕನೆಂದೇ ಎಲ್ಲರೂ ತಿಳಿದರು. ಆದರೆ ವಿದೇಶಿ ಹಡಗುಗಳ ಜಾಗಕ್ಕೆ ಸ್ವದೇಶಿ ಹಡಗುಗಳು ಬಂದವು. ಸರ್ಕಾರದ ಹಣದ ನೆರವೂ ಸಿಕ್ಕಿತು. ಸಾಲ ಮಾಡಿ ಕೊಂಡ ಹಡಗನ್ನು ಬಂದರಿನಲ್ಲಿ ಕಟ್ಟಿ ಕೂರಲಾದೀತೆ? ಬಡ್ಡಿ ತೀರಿಸಲಾದರೂ ಮತ್ತೆ ಕಡಲಿಗಿಳಿಯಬೇಕು. ಕಾಡ್ ಗುಂಪುಗೂಡುವ ಮೀನು. ಉಳಿದ ಗುಂಪುಗಳನ್ನೂ ಟ್ರಾಲರ್‌ಗಳ ಧ್ವನಿತರಂಗ ಉಪಕರಣಗಳು ಪತ್ತೆಹಚ್ಚುತ್ತಿದ್ದವು. ಬಲೆ ತುಂಬಿ ಬಂದದ್ದನ್ನು ನೋಡಿ ಕಡಲೂ ತುಂಬಿದೆಯೆಂದು ತಜ್ಞರು ಲೆಕ್ಕ ಹಾಕಿದರು. ತಮ್ಮ ಬಲೆಗೆ ಮೀನೇ ಬೀಳುತ್ತಿಲ್ಲ ಎಂದು ತೀರದ ಸಣ್ಣ ಮೀನುಗಾರರು 1980ರ ದಶಕದಲ್ಲೇ ದೂರಿದ್ದರು. ಪದವಿ ಇಲ್ಲದವರ ಮಾತಿಗೆ ಕಚೇರಿಗಳಲ್ಲಿ ಬೆಲೆ ಎಷ್ಟು ಎಂಬುದು ಗೊತ್ತಿರುವುದೇ.

1992ರ ಜುಲೈ 2ರಂದು ಸಚಿವ ಜಾನ್ ಕ್ರಾಸ್ಬಿ ಉತ್ತರದ ಕಾಡ್ ಹಿಡಿಯುವುದನ್ನು ನಿಷೇಧಿಸಿದರು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹೇರಿದ ನಿಷೇಧ ತೆರವಾದದ್ದು 2024ರಲ್ಲಿ. ಆಗ ನಿಗದಿಯಾದ ಮಿತಿ 18,000 ಟನ್.

ಈ ನಡುವೆ ಕಾಡ್ ಇಲ್ಲದ ಕಡಲಲ್ಲಿ ಸಿಗಡಿ, ಏಡಿಗಳು ಹೆಚ್ಚಿದವು. ಅವುಗಳಿಂದ ಬಂದ ಹಣ ಕಾಡ್ ಕಾಲದ ಆದಾಯವನ್ನೂ ಮೀರಿಸಿತು. ಆದರೆ ಆ ಕಸುಬಿಗೆ ಅಷ್ಟೊಂದು ಕೈಗಳು ಬೇಕಿರಲಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಟ್ಟವರಲ್ಲಿ ಬಹಳಷ್ಟು ಮಂದಿ ಹಿಂದಿರುಗಲಿಲ್ಲ.