ನಾಸಿಕ್‌ನಿಂದ ಸಂಭಾಜಿನಗರಕ್ಕೆ: ಹದಿನಾಲ್ಕು ನಿಮಿಷವೋ, ಮೂರು ಗಂಟೆಯೋ?

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮವರು ನಾಲ್ಕು ಜನ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ಪ್ರಯಾಣದ ವಿಷಯಕ್ಕೇ ಬರುತ್ತದೆ. ಈಚೆಗೆ ಆ ಮಾತಿನಲ್ಲಿ ಹೈಪರ್‌ಲೂಪ್ ಕೂಡ ಸೇರಿಕೊಂಡಿದೆ. ಗಾಳಿ ತೆಗೆದ ಕೊಳವೆಯೊಳಗೆ ಗಂಟೆಗೆ ಸಾವಿರ ಕಿ.ಮೀ. ವೇಗದಲ್ಲಿ ಓಡುವ ಬಂಡಿ! ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದಂಥ (2023ರವರೆಗೆ ಔರಂಗಾಬಾದ್) ಎರಡು ಊರುಗಳ ನಡುವೆ ಇದು ಆಗುವ ಮಾತೇ? ಸುಮ್ಮನೆ ನಕ್ಕು ಬಿಡುವ ಬದಲು ಒಮ್ಮೆ ಲೆಕ್ಕ ಹಾಕಿ ನೋಡೋಣ.

ಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಾಸಿಕ್‌ನಲ್ಲಿ 2027ರ ಸಿಂಹಸ್ಥ ಕುಂಭಮೇಳಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅತ್ತ ಸಂಭಾಜಿನಗರದ ಬಳಿ ಶೇಂದ್ರಾ–ಬಿಡ್ಕಿನ್‌ನಲ್ಲಿ ಆರಿಕ್ ಕೈಗಾರಿಕಾ ನಗರ ಬೆಳೆಯುತ್ತಿದೆ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ 2024ರ ಜುಲೈನಲ್ಲಿ ಅಲ್ಲಿ ಕಾರ್ಖಾನೆ ತೆರೆಯುವ ಕುರಿತು ಮಹಾರಾಷ್ಟ್ರ ಸರ್ಕಾರದೊಂದಿಗೆ ಒಡಂಬಡಿಕೆಗೆ ಸಹಿ ಹಾಕಿತು. ನಾಳೆ ಬಿಡದಿಯ ಎಂಜಿನಿಯರ್ ಒಬ್ಬ ಅಲ್ಲಿಗೆ ಮನೆ ಬದಲಿಸಿದರೆ ಆಶ್ಚರ್ಯವಿಲ್ಲ. ಊರಿನ ಪಕ್ಕದಲ್ಲೇ ಎಲ್ಲೋರಾ ಇದೆ. ಅಲ್ಲಿನ ಕೈಲಾಸ ದೇವಾಲಯವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಹಾಗಾಗಿ ನಮಗೆ ಅದು ಪೂರ್ತಿ ಪರಊರೂ ಅಲ್ಲ.

ಈಗ ಲೆಕ್ಕ. ಎರಡೂ ಊರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 160 ಕಿ.ಮೀ. ಬಂಡಿ ಎಷ್ಟೇ ವೇಗದ್ದಾದರೂ ಹೊರಟ ಕೂಡಲೇ ಸಾವಿರ ಕಿ.ಮೀ. ವೇಗ ಮುಟ್ಟುವಂತಿಲ್ಲ. ಒಳಗೆ ಕೂತಿರುವವರು ಮನುಷ್ಯರು, ಅಜ್ಜಿಯೂ ಇದ್ದಾರು. ಮೈಗೆ ಹಿತವಾಗುವಂತೆ ವೇಗ ಹೆಚ್ಚಿಸಲು ಐದು ನಿಮಿಷದಷ್ಟು, ಇಳಿಸಲು ಇನ್ನೂ ಅಷ್ಟೇ ಬೇಕು. ಅಷ್ಟರಲ್ಲೇ ಹತ್ತಿರಹತ್ತಿರ ಅರ್ಧ ದಾರಿ ಮುಗಿದಿರುತ್ತದೆ. ಒಟ್ಟು ಹದಿನಾಲ್ಕು ನಿಮಿಷ. ಅದೇ ದಾರಿಯಲ್ಲಿ ಗಂಟೆಗೆ 300 ಕಿ.ಮೀ. ವೇಗದ ಬುಲೆಟ್ ರೈಲು ಓಡಿದರೆ ಮೂವತ್ತೈದು ನಿಮಿಷ. ವೇಗ ಮೂರು ಪಟ್ಟು ಹೆಚ್ಚಿದರೂ ಉಳಿಯುವುದು ಇಪ್ಪತ್ತು ನಿಮಿಷ ಮಾತ್ರ! ದೂರ ಸಾವಿರಾರು ಕಿ.ಮೀ. ಆದರೆ ಮಾತು ಬೇರೆ.

ಕೊಳವೆಯ ಕಥೆ ಇನ್ನೂ ಇದೆ. ಒಳಗೆ ಗಾಳಿಯೇ ಇಲ್ಲದಿದ್ದರೆ ಹೊರಗಿನ ವಾತಾವರಣ ಪ್ರತಿ ಚದರ ಮೀಟರಿಗೆ ಹತ್ತು ಟನ್ನಿನಷ್ಟು ಒತ್ತುತ್ತದೆ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಮರಾಠವಾಡದ ಚಳಿಗಾಲದ ಬೆಳಗಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಹಿಡಿದರೆ 160 ಕಿ.ಮೀ. ಉದ್ದದ ಕೊಳವೆ ಒಟ್ಟು 55 ಮೀಟರಿಗೂ ಹೆಚ್ಚು ಹಿಗ್ಗಬೇಕು. ಅಷ್ಟಕ್ಕೂ ಜಾಗ ಕೊಡುವ ಕೂಡುಕೀಲುಗಳಲ್ಲಿ ಒಂದಿಷ್ಟೂ ಗಾಳಿ ನುಸುಳಬಾರದು. ಇನ್ನು ಆ ವೇಗದಲ್ಲಿ ತಿರುಗಬೇಕಾದರೆ ತಿರುವಿನ ತ್ರಿಜ್ಯ ಹತ್ತಾರು ಕಿ.ಮೀ. ಇರಬೇಕು. ಹೆದ್ದಾರಿಯ ಪಕ್ಕದಲ್ಲೇ ಕಂಬ ನೆಟ್ಟು ಸಾಗಿಸುವ ಮಾತು ಹೇಳಿದಷ್ಟು ಸುಲಭವಲ್ಲ. ವೈಜಾಪುರ, ಯೇವಲಾ ಕಡೆಯ ರೈತರ ಹೊಲಗಳ ನಡುವೆಯೇ ಗೆರೆ ಹೋಗುತ್ತದೆ.

ಕುಂಭಮೇಳದ ಜನಕ್ಕೆ ಇದು ಅನುಕೂಲವೇ? ಎಲಾನ್ ಮಸ್ಕ್ 2013ರಲ್ಲಿ ಮುಂದಿಟ್ಟ ಬಂಡಿಯಲ್ಲಿ 28 ಜನ ಕೂರುತ್ತಾರೆ. ಎರಡು ನಿಮಿಷಕ್ಕೊಂದು ಬಂಡಿ ಬಿಟ್ಟರೂ ಗಂಟೆಗೆ 840 ಜನ. 16 ಬೋಗಿಗಳ ಒಂದೇ ವಂದೇ ಭಾರತ್ ರೈಲಿನಲ್ಲಿ 1,128 ಸೀಟುಗಳಿವೆ.

ಇದು ಬರೀ ಕಾಗದದ ತರ್ಕವಲ್ಲ, ಪಕ್ಕದಲ್ಲೇ ನಡೆದು ಹೋದ ಕಥೆಯೂ ಇದೆ. ಪುಣೆ–ಮುಂಬೈ ಹೈಪರ್‌ಲೂಪ್‌ಗೆ 2018ರಲ್ಲಿ ಒಪ್ಪಂದವಾಯಿತು, 2019ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. 117.5 ಕಿ.ಮೀ., 25 ನಿಮಿಷ, ಅಂದಾಜು 70,000 ಕೋಟಿ ರೂಪಾಯಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಊರೊಳಗೆ ಹತ್ತು ನಿಮಿಷದಲ್ಲಿ ಎಂದು 2020ರಲ್ಲಿ ಅದೇ ಕಂಪನಿ ನಮ್ಮಲ್ಲೂ ಒಡಂಬಡಿಕೆ ಮಾಡಿಕೊಂಡಿತ್ತು, ನೆನಪಿದೆಯಲ್ಲ? ಆ ವರ್ಷದ ನವೆಂಬರಿನಲ್ಲಿ ನೆವಾಡಾದ 500 ಮೀಟರ್ ಕೊಳವೆಯಲ್ಲಿ ಮನುಷ್ಯರನ್ನು ಕೂರಿಸಿ ಓಡಿಸಿದಾಗ ಮುಟ್ಟಿದ ವೇಗ ಗಂಟೆಗೆ 172 ಕಿ.ಮೀ. 2023ರ ಕೊನೆಗೆ ಕಂಪನಿಯೇ ಬಾಗಿಲು ಹಾಕಿತು. ಪುಣೆಯ ದರದಲ್ಲೇ ಲೆಕ್ಕ ಹಾಕಿದರೆ ನಾಸಿಕ್–ಸಂಭಾಜಿನಗರಕ್ಕೆ 95,000 ಕೋಟಿ ರೂಪಾಯಿ ಬೇಕು. ಮುಂಬೈನಿಂದ ನಾಗಪುರದವರೆಗಿನ 701 ಕಿ.ಮೀ. ಸಮೃದ್ಧಿ ಮಹಾಮಾರ್ಗ ಮುಗಿದದ್ದು 60,000 ಕೋಟಿಯ ಆಸುಪಾಸಿನಲ್ಲಿ.

ಹಾಗೆಂದು ಪ್ರಯೋಗವೇ ಬೇಡ ಎನ್ನಲಾರೆ. ಮದ್ರಾಸ್ ಐಐಟಿಯ ಹುಡುಗರು ತಮ್ಮ ತೈಯೂರು ಆವರಣದಲ್ಲಿ 422 ಮೀಟರ್ ಉದ್ದದ ಪರೀಕ್ಷಾ ಹಳಿ ಕಟ್ಟಿದ್ದಾರೆ. ಕಲಿಯಲಿ, ಓಡಿಸಲಿ. ಪ್ರಯೋಗಶಾಲೆಯ ಕೆಲಸಕ್ಕೆ ಪ್ರಯೋಗಶಾಲೆಯ ದುಡ್ಡು ಸಾಕು. ಕುಡಿಯುವ ನೀರಿಗೆ ದಿನಗಟ್ಟಲೆ ಕಾಯುವ ಸಂಭಾಜಿನಗರದಂಥ ಊರಿನ ಹೆಸರಿನಲ್ಲಿ ಅದನ್ನು ಯೋಜನೆ ಎಂದು ಘೋಷಿಸುವುದಷ್ಟೇ ನನಗೆ ಸರಿಕಾಣದು. ಆ ನೀರಾದರೂ ಗೋದಾವರಿಯದೇ. ಮಳೆ ಕೈಕೊಟ್ಟ ವರ್ಷ ನಾಸಿಕ್‌ನ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ಬಿಡಬೇಕು ಎಂದು ಎರಡೂ ಕಡೆಯವರು ಜಗಳವಾಡುವುದನ್ನು ನಾವು ಕಾವೇರಿಯವರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ಈಗ ಇರುವುದೇನು ನೋಡಿ. ರೈಲು ಮನ್ಮಾಡ್ ಬಳಸಿ ಹೋಗಬೇಕು, ಸುಮಾರು 186 ಕಿ.ಮೀ. ಮನ್ಮಾಡ್‌ನಿಂದ ಆಚೆಯದು ನಿಜಾಮರ ಕಾಲದಲ್ಲಿ, 1900ರ ಹೊತ್ತಿಗೆ, ಮೀಟರ್ ಗೇಜ್ ಆಗಿ ಹಾಕಿದ ದಾರಿ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆದರೆ ಒಂಟಿ ಹಳಿಯಾಗಿಯೇ ಉಳಿಯಿತು. ಎದುರಿನಿಂದ ಗಾಡಿ ಬಂದರೆ ಒಬ್ಬರು ನಿಲ್ಲಲೇಬೇಕು. 2023ರ ಡಿಸೆಂಬರ್ 30ರಂದು ಜಾಲ್ನಾ–ಮುಂಬೈ ವಂದೇ ಭಾರತ್ ಶುರುವಾಯಿತು. 160 ಕಿ.ಮೀ. ವೇಗಕ್ಕೆ ತಯಾರಾದ ಆ ಗಾಡಿ ಸಂಭಾಜಿನಗರದಿಂದ ನಾಸಿಕ್ ರೋಡ್ ಮುಟ್ಟಲು ತೆಗೆದುಕೊಳ್ಳುವುದು ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ! ಸರಾಸರಿ ವೇಗ ಗಂಟೆಗೆ 65 ಕಿ.ಮೀ. ಗಾಡಿಯನ್ನು ದೂರಿ ಪ್ರಯೋಜನವಿಲ್ಲ, ಹಳಿ ಅಂಥದ್ದು.

ಅಂಕಾಯಿಯಿಂದ ಸಂಭಾಜಿನಗರದವರೆಗೆ ಜೋಡಿ ಹಳಿಗೆ ಮಂಜೂರಾತಿ ಸಿಕ್ಕಿದೆ, ಅಂದಾಜು ವೆಚ್ಚ ಸಾವಿರ ಕೋಟಿ ರೂಪಾಯಿಯ ಆಸುಪಾಸು. ಅದು ಮುಗಿದು ಸರಾಸರಿ ವೇಗ 95 ಕಿ.ಮೀ.ಗೆ ಏರಿದರೂ ಎರಡು ಗಂಟೆಯೊಳಗೆ ತಲುಪಬಹುದು. ಬರೀ ವಂದೇ ಭಾರತ್‌ನವರಲ್ಲ, ತಪೋವನ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತು ಹೋಗುವವರೂ. ನಾಸಿಕ್, ಶಿರಡಿ, ಸಂಭಾಜಿನಗರ ಹಾದು ಹೋಗುವ ಮುಂಬೈ–ನಾಗಪುರ ಬುಲೆಟ್ ರೈಲಿನ ಪ್ರಸ್ತಾಪವೂ ಇದೆ. ಆದರೆ 2017ರಲ್ಲಿ ಅಡಿಗಲ್ಲು ಹಾಕಿದ ಮುಂಬೈ–ಅಹಮದಾಬಾದ್ ಮಾರ್ಗ ಸಾಗಿದ ಗತಿ ನೋಡಿದರೆ ಅದಕ್ಕಾಗಿ ಜೋಡಿ ಹಳಿಯನ್ನು ಕಾಯಿಸುವಂತಿಲ್ಲ.

ಇನ್ನು ಮನೆ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿ. ನಾಸಿಕ್ ರೋಡ್ ನಿಲ್ದಾಣ ಇರುವುದು ಹಳೆಯ ಊರಿನಿಂದ ಸುಮಾರು ಒಂಬತ್ತು ಕಿ.ಮೀ. ದೂರದಲ್ಲಿ. 2021ರ ಕೇಂದ್ರ ಬಜೆಟ್ಟಿನಲ್ಲಿ ನಾಸಿಕ್ ಮೆಟ್ರೋಗೆ 2,092 ಕೋಟಿ ರೂಪಾಯಿ ಘೋಷಿಸಿದ್ದರು. ಇವತ್ತಿಗೂ ಪಂಚವಟಿಗೆ ಹೋಗಬೇಕಾದವರು ನಿಲ್ದಾಣದ ಹೊರಗೆ ಬಸ್ಸಿಗೆ ಕಾಯಬೇಕು, ಇಲ್ಲವೇ ಆಟೋದವನೊಡನೆ ಚೌಕಾಸಿ ಮಾಡಬೇಕು. ಹದಿನಾಲ್ಕು ನಿಮಿಷದ ಬಂಡಿ ಇಳಿದವರೂ ಅದೇ ಸಾಲಿನಲ್ಲಿ ನಿಲ್ಲಬೇಕಾದೀತು.