ಪರರ ಹೆಸರಿನಲ್ಲಿ ಬಾಳಿದ ದ್ರಾಕ್ಷಿ

1994ನೆಯ ಇಸವಿಯ ನವೆಂಬರ್ 24ರಂದು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಝಾಂ-ಮಿಶೆಲ್ ಬೂರ್ಸಿಕೋ ಅವರು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಮೈಪೋ ಕಣಿವೆಯ ಒಂದು ದ್ರಾಕ್ಷಿತೋಟವನ್ನು ನೋಡುತ್ತ ನಡೆದಿದ್ದರು. ಅಲ್ಲಿ ಅದು ವಸಂತಕಾಲ. ಬಳ್ಳಿಗಳು ಹೂ ತಳೆದಿದ್ದವು. ತೋಟದವರ ಲೆಕ್ಕದಲ್ಲಿ ಅದು ಮೆರ್ಲೋ ಎಂಬ ತಳಿ. ಆದರೆ ಹೂವಿನ ಕೇಸರಗಳು ತಿರುಚಿಕೊಂಡಿದ್ದುದು ಬೂರ್ಸಿಕೋ ಅವರ ಕಣ್ಣಿಗೆ ಬಿದ್ದಿತು. ಇದು ಮೆರ್ಲೋ ಅಲ್ಲ, ಫ್ರಾನ್ಸಿನಲ್ಲಿ ಅಳಿದೇಹೋಯಿತೆಂದು ತಿಳಿದಿದ್ದ ಕಾರ್ಮೆನೇರ್ ಎಂದು ಅವರು ನಿರ್ಣಯಿಸಿದರು.

ಮದ್ಯದ ಮಾತು ಮನೆಮಂದಿಯ ಪತ್ರಿಕೆಯಲ್ಲೇಕೆ ಎಂದು ಹುಬ್ಬೇರಿಸುವ ಹಿರಿಯರುಂಟು. ಕುಡಿಯಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇದು ಹೆಸರು ಕಳೆದುಕೊಂಡ ಒಂದು ಬಳ್ಳಿಯ ವೃತ್ತಾಂತ. ಶಾಲೆಯ ದಾಖಲೆಯಲ್ಲಿ, ಪಡಿತರ ಚೀಟಿಯಲ್ಲಿ ತಮ್ಮ ಮನೆತನದ ಹೆಸರು ಬೇರೊಂದು ನುಡಿಯ ರೂಪ ತಾಳಿದುದನ್ನು ಕಂಡಿರುವ ವಾಚಕರಿಗೆ ಇದು ತೀರ ಪರಕೀಯವೆನಿಸಲಾರದು.

ಕಾರ್ಮೆನೇರ್ ಹುಟ್ಟೂರು ಫ್ರಾನ್ಸಿನ ಬೋರ್ಡೋ ಪ್ರಾಂತ. ಉತ್ತಮ ಕೆಂಪು ವೈನಿಗಾಗಿ ಅಲ್ಲಿಯ ಒಕ್ಕಲಿಗರು ಅದನ್ನು ಬೆಳೆಯುತ್ತಿದ್ದರು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಸೂಕ್ಷ್ಮ ಕೀಟವು ಬೇರುಗಳ ರಸ ಹೀರಿ ಫ್ರಾನ್ಸಿನ ತೋಟಗಳನ್ನು ಒಂದೊಂದಾಗಿ ಒಣಗಿಸಿತು. ಕೊನೆಗೆ ಕಂಡ ಉಪಾಯವೆಂದರೆ, ಆ ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟುವುದು. (ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಇಂದು ಕಸಿ ಕಟ್ಟುವ ಡಾಗ್‌ರಿಜ್ ಬೇರೂ ಅಮೆರಿಕದ್ದೇ, ಇಲ್ಲಿ ಅದನ್ನು ತಂದುದು ಬರಕ್ಕೂ ಚೌಳಿಗೂ ಅಂಜಿ.) ಆದರೆ ಕಾರ್ಮೆನೇರ್ ತಡವಾಗಿ ಹಣ್ಣಾಗುವ ತಳಿ. ಹೂವು ಉದುರಿ ಕಾಯಿ ಕಟ್ಟದಿರುವ ದೋಷವೂ ಅದಕ್ಕುಂಟು. ತೋಟ ಮರಳಿ ಕಟ್ಟುವಾಗ ನಷ್ಟದಲ್ಲಿದ್ದ ಒಕ್ಕಲಿಗರು ಅದನ್ನು ಕೈಬಿಟ್ಟರು. ಅವರನ್ನು ದೂಷಿಸುವಂತಿಲ್ಲ.

ಆದರೆ ಆ ಪಿಡುಗಿಗೆ ಮೊದಲೇ ಚಿಲಿಯ ಧನಿಕರು ಬೋರ್ಡೋದಿಂದ ಬಳ್ಳಿಯ ತುಂಡುಗಳನ್ನು ತರಿಸಿ ನೆಟ್ಟಿದ್ದರು. ಉತ್ತರಕ್ಕೆ ಅಟಕಾಮ ಮರುಭೂಮಿ, ಮೂಡಲಿಗೆ ಆಂಡೀಸ್ ಪರ್ವತ, ಪಡುವಲಿಗೆ ಪೆಸಿಫಿಕ್ ಸಾಗರ, ತೆಂಕಲಿಗೆ ಹಿಮರಾಶಿ. ಈ ಕೋಟೆಯೊಳಕ್ಕೆ ಫಿಲಾಕ್ಸೆರಾ ಬರಲಿಲ್ಲ. ಬಳ್ಳಿಗಳು ಸ್ವಂತ ಬೇರಿನ ಮೇಲೆಯೇ ಉಳಿದವು. ಆದರೆ ಕಾರ್ಮೆನೇರ್ ಮತ್ತು ಮೆರ್ಲೋ ಒಂದೇ ತೋಟದಲ್ಲಿ ಬೆರೆತುಹೋಗಿ, ಎರಡಕ್ಕೂ ಮೆರ್ಲೋ ಎಂಬ ಹೆಸರೇ ನಿಂತಿತು. ಮೆರ್ಲೋ ಎಳೆಯೆಲೆಯ ಅಡಿ ಬಿಳುಪು, ಕಾರ್ಮೆನೇರ್ ಎಳೆಯೆಲೆಯ ಅಡಿ ಕೆಂಪು ಛಾಯೆ. ಗುರುತಿಸುವವರು ಬೇಕಿತ್ತು, ಅಷ್ಟೆ.

ಹೆಸರು ತಪ್ಪಿದರೆ ಏನಾಯಿತು ಎನ್ನಬಹುದು. ಮೆರ್ಲೋ ಹಣ್ಣಾದಾಗ ಎರಡನ್ನೂ ಕೂಡಿಯೇ ಕೊಯ್ಯುತ್ತಿದ್ದರು; ಕಾರ್ಮೆನೇರ್ ಹಣ್ಣಾಗಲು ಇನ್ನೂ ಮೂರು-ನಾಲ್ಕು ವಾರ ಬೇಕು. ಕಾಯಿಯಲ್ಲಿರುವ ಪೈರಜೀನ್ ಎಂಬ ದ್ರವ್ಯವು ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಕೊಡುತ್ತದೆ. ಬಿಸಿಲುಂಡು ಮಾಗಿದಂತೆ ಅದು ಇಳಿಯುತ್ತದೆ. ಹೀಗಾಗಿ ಚಿಲಿಯ ಮೆರ್ಲೋ ಹಸಿರು ನಾರುತ್ತದೆಂಬ ಅಪಖ್ಯಾತಿ ಬಂದಿತು.

ಗುಟ್ಟು ಹೊರಬಿದ್ದಾಗ ಬೆಳೆಗಾರರಿಗೆ ಸಂಕಟ. ಮೆರ್ಲೋ ಎಂದರೆ ಜಗತ್ತು ಕೊಳ್ಳುತ್ತದೆ. ಕಾರ್ಮೆನೇರ್ ಎಂದರೆ ಯಾರು ಬಲ್ಲರು? ಮೊದಮೊದಲು ಕೆಲವು ಸೀಸೆಗಳು ಗ್ರಾಂದ್ ವಿಡ್ಯೂರ್ ಎಂಬ ಹಳೆಯ ಪರ್ಯಾಯ ನಾಮದಲ್ಲಿ ಹೊರಬಂದವು. 1998ರಲ್ಲಿ ಚಿಲಿಯ ಕೃಷಿ ಇಲಾಖೆ ತಳಿಯನ್ನು ಅಧಿಕೃತವಾಗಿ ಮನ್ನಿಸಿತು. ಈಗ ಕೊಲ್ಚಾಗ್ವಾ, ಕಚಪೊವಾಲ್ ಕಣಿವೆಗಳಲ್ಲಿ ಏಪ್ರಿಲ್ ಕೊನೆಯವರೆಗೆ, ಕೆಲವೊಮ್ಮೆ ಮೇ ತಿಂಗಳವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಎಲೆಗಳು ಕಡುಗೆಂಪಾಗಿರುತ್ತವೆ. ಬಳ್ಳಿಗೆ ಹೆಸರು ಬಂದುದೂ ಆ ಬಣ್ಣದಿಂದ.

ಚೆನ್ನಾಗಿ ಮಾಗಿದ ಹಣ್ಣಿನ ವೈನಿನಲ್ಲಿ ಕಪ್ಪುಹಣ್ಣಿನ ರುಚಿ, ಮೃದುವಾದ ಒಗರು. ಹಸಿ ಮೆಣಸಿನಕಾಯಿಯ ಸುಳಿವು ಮಾತ್ರ ಉಳಿದಿರುತ್ತದೆ. ಅದಕ್ಕೇ ಸುಟ್ಟ ದೊಣ್ಣೆಮೆಣಸು, ಬದನೆಗಳೊಡನೆ ಒಗ್ಗುತ್ತದೆ. ಚಿಲಿಯವರು ಎಂಪನಾಡದೊಡನೆ ಸೇವಿಸುತ್ತಾರೆ. ಅದು ನಮ್ಮ ಕರ್ಜಿಕಾಯಿಯ ಆಕಾರದ್ದೇ. ಒಳಗೆ ಮಾತ್ರ ಮಾಂಸ, ಈರುಳ್ಳಿ, ಮೊಟ್ಟೆ, ಒಣದ್ರಾಕ್ಷಿ. ಎಳೆಯ ಮೆಕ್ಕೆಜೋಳವನ್ನು ಅರೆದು, ಮಾಂಸದ ಮೇಲೆ ಹರಡಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಾಸ್ತೆಲ್ ದೆ ಚೋಕ್ಲೋ ಇನ್ನೊಂದು ಜೊತೆ. ಮದ್ಯಸಾರವು ಖಾರದ ಉರಿಯನ್ನು ಹೆಚ್ಚಿಸುವುದರಿಂದ ಸೊಲ್ಲಾಪುರದ ಶೇಂಗಾ ಚಟ್ನಿಗೂ ಇದಕ್ಕೂ ಕೂಡಿಬಾರದು. ಆ ಚಟ್ನಿಗೆ ಮೊಸರೇ ಸರಿ.